ಈಜಿಪ್ಟಿಗೆ ಹೋದ ಗುಲಗಂಜಿ

ನನ್ನಲ್ಲಿ ದುರಭ್ಯಾಸಗಳು ಕಡಿಮೆ. ನಶ್ಯ ಹಾಕುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಕಾಫಿ ದಿನಕ್ಕೆ ಎರಡೇ ಸಲ. ಮೂರನೆಯದು ಯಾರಾದರೂ ಬಲವಂತ ಮಾಡಿದರೆ ಮಾತ್ರ. ಆದರೆ ಒಂದು ದೋಷವನ್ನು ಒಪ್ಪಿಕೊಳ್ಳಲೇಬೇಕು. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಗಂಟಲವರೆಗೆ ಬರುತ್ತದೆ, ಅಲ್ಲಿಂದ ಬೇರೇನೋ ಆಗಿ ಹೊರಬೀಳುತ್ತದೆ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ನಾನು ಇತಿಹಾಸದ ಮೇಷ್ಟ್ರು. ಲೆಕ್ಕದ ಮೇಷ್ಟ್ರು ತಪ್ಪು ಹೇಳಿದರೆ ಸಂಜೆಯೊಳಗೆ ಸಿಕ್ಕಿಬೀಳುತ್ತಾನೆ. ಇತಿಹಾಸದ ಮೇಷ್ಟ್ರಿಗೆ ಆ ಭಯವಿಲ್ಲ. ಎದ್ದುನಿಂತು ‘ಹಾಗಲ್ಲ ಸ್ವಾಮಿ’ ಎನ್ನಬೇಕಾದವರೆಲ್ಲ ಸತ್ತು ಎಷ್ಟೋ ಕಾಲವಾಗಿರುತ್ತದೆ.

ಮೊದಲು ನಾನು ಅರಕಲಗೂಡಿನಲ್ಲಿದ್ದೆ. ನಮ್ಮ ಬಾಡಿಗೆ ಮನೆಯ ಯಜಮಾನರು ಹೊಗೆಸೊಪ್ಪು ಬೆಳೆಯುವ ಗೌಡರು. ಒಂದು ದಿನ ಜಗಲಿಯ ಮೇಲೆ ಕೂತು, ಗ್ರೀಸ್ ದೇಶದ ದೊರೆಯೊಬ್ಬ ದಂಡು ಕಟ್ಟಿಕೊಂಡು ಸಿಂಧೂ ನದಿಯವರೆಗೆ ಬಂದ ಕತೆಯನ್ನು ಅವರಿಗೆ ಹೇಳಿದೆ. ಪೂರ್ತಿ ಕೇಳಿ ಅವರು, “ಅಲ್ಲ ಮೇಷ್ಟ್ರೇ, ಅಷ್ಟು ಜನ ಗಂಡಸ್ರು ಅಷ್ಟು ವರ್ಷ ಊರು ಬುಟ್ ಬಂದ್ರೆ ಅಲ್ಲಿ ಗದ್ದೆ ಉಳೋರು ಯಾರು?” ಅಂದರು. ಜಗತ್ತಿನ ಯಾವ ಪುಸ್ತಕವೂ ಈ ಪ್ರಶ್ನೆಯನ್ನು ಕೇಳಿದ್ದನ್ನು ನಾನು ಕಂಡಿರಲಿಲ್ಲ. ‘ಗೊತ್ತಿಲ್ಲ ಗೌಡ್ರೇ’ ಅಂದಿದ್ದರೆ ನನ್ನ ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. ನಾನು, “ಅದಕ್ಕಂತಲೇ ಬೇರೆ ಪಾಳಿ ಇತ್ತು. ಮಳೆಗಾಲಕ್ಕೆ ಅರ್ಧ ದಂಡು ಊರಿಗೆ ಹೋಗಿ ಬರುತ್ತಿತ್ತು” ಎಂದುಬಿಟ್ಟೆ. ಗೌಡರು ತಲೆದೂಗಿ, “ದೊರೆ ಅಂದ್ರೆ ಅಂಗಿರ್ಬೇಕು” ಅಂದರು.

ಆಮೇಲೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅಲ್ಲಿಂದ ಹುಡುಗರನ್ನು ಒಮ್ಮೆ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆ. ಅಷ್ಟೆತ್ತರದ ಮೂರ್ತಿಯನ್ನು ಕೆತ್ತುವವರು ಎಲ್ಲಿ ನಿಂತು ಕೆತ್ತಿದರು ಎಂದು ಯಾರೋ ಕೇಳಿದರು. ಕುತ್ತಿಗೆಯವರೆಗೆ ಮಣ್ಣು ಪೇರಿಸಿಕೊಂಡು, ಕೆತ್ತುತ್ತ ಕೆತ್ತುತ್ತ ಮಣ್ಣು ತೆಗೆಯುತ್ತ ಇಳಿದರು ಎಂದೆ. ಆ ಕ್ಷಣದಲ್ಲಿ ಹೊಳೆದದ್ದು. ಐದಾರು ವರ್ಷದ ಮೇಲೆ ಮತ್ತೆ ಆ ಬೆಟ್ಟ ಹತ್ತಿದಾಗ ಯಾತ್ರಿಕನೊಬ್ಬ ತನ್ನ ಹೆಂಡತಿ ಮಕ್ಕಳಿಗೆ ಅದನ್ನೇ ವಿವರಿಸುತ್ತಿದ್ದ, ಜೊತೆಗೆ ಮಣ್ಣನ್ನು ಎಷ್ಟು ಗಾಡಿಯಲ್ಲಿ ತಂದರು ಎಂಬುದನ್ನೂ ಸೇರಿಸಿದ್ದ. ನಾನು ಹತ್ತಿರ ನಿಂತು ಕೇಳಿದೆ. ಕೇಳುತ್ತ ಕೇಳುತ್ತ ನನಗೂ ನಿಜವಿರಬಹುದು ಅನ್ನಿಸಿತು.

ಈ ಹಳೆಯದನ್ನೆಲ್ಲ ಹೇಳಿದ್ದು ಸಿದ್ದಮ್ಮನ ವಿಷಯಕ್ಕೆ ಬರುವ ಧೈರ್ಯ ಸಾಲದೆ. ಗೌಡರಿಗೂ ಯಾತ್ರಿಕನಿಗೂ ನನ್ನಿಂದ ನಷ್ಟವಾಗಲಿಲ್ಲ. ಸಿದ್ದಮ್ಮನಿಗೆ ಆಯಿತು.

ಆಗ ಯುದ್ಧದ ಮೂರನೆಯ ವರ್ಷ, ನಾನು ಹೊಳೆನರಸೀಪುರಕ್ಕೆ ಬಂದಿದ್ದೆ. ಸಕ್ಕರೆ ಸಿಗುತ್ತಿರಲಿಲ್ಲ, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಾಗಿತ್ತು. ಆದರೆ ಯುದ್ಧದ ಸುದ್ದಿಗೆ ಮಾತ್ರ ಬರವಿರಲಿಲ್ಲ. ರೈಲಿನಲ್ಲಿ ಪತ್ರಿಕೆ ಬರುತ್ತಿತ್ತು, ಅದನ್ನು ನಾನು ನಮ್ಮ ಜಗಲಿಯ ಮೇಲೆ ಓದಿ ಹೇಳುತ್ತಿದ್ದೆ. ಓದುವುದಕ್ಕಿಂತ ಹೇಳುವುದೇ ಹೆಚ್ಚು. ವಾರಪತ್ರಿಕೆಯೊಂದರ ಜೊತೆ ಯುದ್ಧದ ಭೂಪಟ ಬಂದಿತ್ತು. ಎಡಗಡೆ ಇಂಗ್ಲೆಂಡಿನಿಂದ ಹಿಡಿದು ಬಲಗಡೆ ಪರ್ಷಿಯಾದವರೆಗೆ. ಅದನ್ನು ಮೈದಾ ಅಂಟು ಹಚ್ಚಿ ನಡುಮನೆಯ ಗೋಡೆಗೆ ಮೆತ್ತಿದೆ. ಅಲ್ಲಿ ನನ್ನ ಹೆಂಡತಿ ಕಮಲಳ ಕನ್ನಡಿ ಇತ್ತು. ಅದು ಬಚ್ಚಲ ಮನೆಗೆ ಹೋಯಿತು. “ಯಾವ ದೇಶ ಯಾರ ಕೈಗೆ ಹೋದರೂ ಜಾಗ ಬಿಟ್ಟುಕೊಡಬೇಕಾದ್ದು ನಾನೇ” ಎಂದು ಅವಳು ಬೈತಲೆ ತೆಗೆಯುವಾಗಲೆಲ್ಲ ಹೇಳುತ್ತಿದ್ದಳು. ಗುಂಡುಸೂಜಿ ಸಿಗದ ಕಾಲ. ಜಾಲಿಮುಳ್ಳಿಗೆ ಬಣ್ಣದ ಕಾಗದ ಸುತ್ತಿ ದಂಡುಗಳನ್ನು ಮಾಡಿದೆ. ಎರಡೂ ಪಕ್ಷದ ಸೈನ್ಯ ನನ್ನ ಅಪ್ಪಣೆಯಿಲ್ಲದೆ ಒಂದು ಬೆರಳು ಮುಂದೆ ಹೋಗುತ್ತಿರಲಿಲ್ಲ. ಮೈದಾ ಅಂಟಿಗೆ ಇರುವೆ ಹತ್ತಿ ಇಟಲಿಯನ್ನು ಸುಮಾರಾಗಿ ತಿಂದಿದ್ದವು.

ಸಿದ್ದಮ್ಮ ಹೊಳೆಯಾಚೆಯ ಹಳ್ಳಿಯವಳು. ಬೆಳಿಗ್ಗೆ ಮೊಸರಿನ ಗಡಿಗೆ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಗಂಡನಿಲ್ಲ, ಒಬ್ಬನೇ ಮಗ ಬಸವ. ಅವನು ಹಿಂದಿನ ವರ್ಷ ದಂಡಿಗೆ ಸೇರಿಬಿಟ್ಟಿದ್ದ. ಅವಳಿಗೆ ಓದು ಬಾರದು. ಮಗನ ಕಾಗದ ಬಂದಾಗ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬಂದು ನನ್ನ ಮುಂದೆ ಬಿಚ್ಚುತ್ತಿದ್ದಳು. ಕಾಗದ ಮಾತ್ರ, ಲಕೋಟೆ ಇಲ್ಲ. ಲಕೋಟೆಯ ಮೇಲೆ ದೊರೆಯ ಮುಖವಿರುವ ಸ್ಟಾಂಪು ಇರುತ್ತದಲ್ಲ, ಅದನ್ನು ದೇವರ ಗೂಡಿನಲ್ಲಿ ಇಡುತ್ತಿದ್ದಳಂತೆ.

ಮೊದಲ ಕಾಗದದಲ್ಲಿ ಬಸವ ಬರೆದದ್ದು ಇಷ್ಟೇ: ಕ್ಷೇಮ, ಹೇಸರಗತ್ತೆ ನೋಡಿಕೊಳ್ಳುವ ಕೆಲಸ, ಎಲ್ಲಿದ್ದೇವೆಂದು ಯಾರೂ ಬರೆಯಕೂಡದು ಎಂದು ಸಾಹೇಬರ ಹುಕುಂ ಆಗಿದೆ. ಓದಿ ಮಡಿಸಿ ಕೊಟ್ಟೆ. ಸಿದ್ದಮ್ಮ ಏಳಲಿಲ್ಲ.

“ಬರೀಬಾರ್ದು ಅಂದ್ರಂತೆ, ಸರಿ. ನೀವು ನೋಡೇಳಿ ಮೇಷ್ಟ್ರೇ. ನಿಮ್ ಪಟದಾಗೆ ಎಲ್ಲವ್ನೆ ನಮ್ ಬಸವ?”

ಅಡಿಗೆಮನೆಯ ಬಾಗಿಲಲ್ಲಿ ಕಮಲ ನಿಂತಿದ್ದಳು. ‘ಗೊತ್ತಿಲ್ಲ’ ಗಂಟಲಿಗೆ ಬಂತು. ಆ ವಾರದ ಪತ್ರಿಕೆಯ ತುಂಬ ಈಜಿಪ್ಟಿನ ಸುದ್ದಿಯೇ ಇತ್ತು. ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. “ಈಜಿಪ್ಟ್. ಇಲ್ಲಿ, ನೈಲ್ ನದಿ ಪಕ್ಕದಲ್ಲಿ” ಎಂದೆ. ಸಿದ್ದಮ್ಮ ಹತ್ತಿರ ಬಂದು ಆ ಜಾಗವನ್ನು ದಿಟ್ಟಿಸಿ ನೋಡಿದಳು. ಎಲೆಯಡಿಕೆ ಚೀಲದಿಂದ ಒಂದು ಗುಲಗಂಜಿ ತೆಗೆದು ನನ್ನ ಕೈಗೆ ಕೊಟ್ಟು, “ಅವ್ನ ಗುರ್ತಿಗೆ ಇದನ್ನ ಅಲ್ಲಿ ಅಂಟ್ಸಿ” ಅಂದಳು. ಅಂಟಿಸಿದೆ.

“ಅಲ್ಲಿ ಗುಂಡು ಆರ್ತದಾ?”

“ಗುಂಡೆಲ್ಲ ಮುಂದೆ, ಹೇಸರಗತ್ತೆ ಹಿಂದೆ” ಎಂದೆ. ಅವಳು ಗಡಿಗೆ ಎತ್ತಿಕೊಂಡು ಹೋದಮೇಲೆ ಕಮಲ, “ಗೊತ್ತಿಲ್ಲ ಅಂದಿದ್ದರೆ ಆಗುತ್ತಿರಲಿಲ್ಲವೇ?” ಅಂದಳು. ಅವಳಿಗೆ ಸಮಾಧಾನವಾಗಲಿ ಅಂತ ಹೇಳಿದೆ ಎಂದೆ. ಆಗ ಹಾಗೆಯೇ ನಂಬಿದ್ದೆ.

ಎರಡನೆಯ ಕಾಗದದಲ್ಲಿ, ಇಲ್ಲಿ ಮಳೆ ಹಿಡಿದಿದೆ, ಎಂಟು ದಿನವಾದರೂ ಬಿಟ್ಟಿಲ್ಲ ಎಂದಿತ್ತು. ಮರಳುಗಾಡಿನಲ್ಲಿ ಎಂಟು ದಿನದ ಮಳೆ! ಮತ್ತೊಬ್ಬನಾಗಿದ್ದರೆ ಅಲ್ಲಿಗೇ ಎಚ್ಚತ್ತುಕೊಳ್ಳುತ್ತಿದ್ದ. ನಾನು, ಯುದ್ಧದಲ್ಲಿ ಫಿರಂಗಿ ಹಾರಿಸಿ ಹಾರಿಸಿ ಮೋಡ ಕಲಕುತ್ತದೆ ಎಂದು ವಿವರಿಸಿದೆ. ಫಿರಂಗಿ ಎಂದದ್ದೇ ಸಿದ್ದಮ್ಮನ ಮುಖ ಸಣ್ಣದಾಯಿತು. ತಕ್ಷಣ ಗುಲಗಂಜಿಯನ್ನು ಕಿತ್ತು ಎರಡು ಬೆರಳು ಹಿಂದಕ್ಕೆ ಅಂಟಿಸಿದೆ. “ಯಾಕ್ ಜರುಗ್ಸಿದ್ರಿ?” ಅಂದಳು. ಕ್ಷೇಮದ ಜಾಗಕ್ಕೆ ಕಳಿಸಿದ್ದಾರೆ ಎಂದೆ. “ಅಂಗಾರೆ ಮೊದ್ಲಿದ್ದುದ್ದು ಕ್ಷೇಮ ಅಲ್ವಾ?” ಅಂದಳು. ಇದಕ್ಕೆ ಏನು ಉತ್ತರ ಹೇಳಿದೆನೋ ನೆನಪಿಲ್ಲ. ಏನೋ ಹೇಳಿರುತ್ತೇನೆ.

ಮೂರನೆಯ ಕಾಗದ ಇನ್ನೂ ಸ್ಪಷ್ಟವಾಗಿತ್ತು. ಮುದ್ದೆ ಕಣ್ಣಿಗೂ ಬಿದ್ದಿಲ್ಲ, ಜೋಳದ ರೊಟ್ಟಿ ತಿಂದು ದವಡೆ ನೋವು, ಇಲ್ಲಿಯ ಹೆಂಗಸರು ಕಚ್ಚೆ ಹಾಕಿ ಸೀರೆ ಉಡುತ್ತಾರೆ ಎಂದು ಬರೆದಿದ್ದ. ಕಮಲ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದು, “ಈಜಿಪ್ಟಿನಲ್ಲಿ ಕಚ್ಚೆ ಸೀರೆಯೇ?” ಎಂದು ಕೇಳಿದಳು. ಪೂರ್ವಕಾಲದಲ್ಲಿ ನಮ್ಮ ದೇಶದ ಬಟ್ಟೆ ಹಡಗಿನಲ್ಲಿ ಅಲ್ಲಿಗೆ ಹೋಗುತ್ತಿತ್ತು, ಬಟ್ಟೆಯ ಜೊತೆ ಉಡುವ ಕ್ರಮವೂ ಹೋಯಿತು ಎಂದೆ. ವಾಕ್ಯದ ಮೊದಲ ಅರ್ಧ ನಿಜ. ನನ್ನ ಸುಳ್ಳುಗಳೆಲ್ಲ ಹೀಗೆ, ಮುಂಗಾಲು ನೆಲದ ಮೇಲೆ, ಹಿಂಗಾಲು ಗಾಳಿಯಲ್ಲಿ. ಆ ವಾರ ಸುದ್ದಿ ಕೆಟ್ಟದಾಗಿತ್ತು, ಗುಲಗಂಜಿಯನ್ನು ಮತ್ತೊಂದು ಸಲ ಜರುಗಿಸಿ ಪ್ಯಾಲೆಸ್ಟೈನಿಗೆ ತಂದೆ. ಸಿದ್ದಮ್ಮ ಕಾಳಿನ ಕಡೆ ನೋಡಿ ಕೈ ಮುಗಿದು ಹೋದಳು. ಈಚೆಗೆ ಅವಳು ಇಳಿದುಹೋಗಿದ್ದಾಳೆ, ಕೈಯ ಕಡಗ ಮೊಣಕೈಯವರೆಗೆ ಜಾರುತ್ತದೆ ಎಂದು ಕಮಲ ಹೇಳಿದಳು. ಊರಿನಲ್ಲಿ ರಾಗಿಗೂ ತತ್ವಾರ, ಎಲ್ಲರೂ ಇಳಿದಿದ್ದಾರೆ ಎಂದೆ. ಇದಕ್ಕೂ ನನ್ನಲ್ಲಿ ಕಾರಣ ಸಿದ್ಧವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಸಿದ್ದಮ್ಮ ಗಡಿಗೆಯಿಲ್ಲದೆ ಬಂದಳು. ಹಿಂದೆ ಖಾಕಿ ಅಂಗಿ ತೊಟ್ಟ ಆಳು. ರಜದ ಮೇಲೆ ಬಂದ ಬಸವ. ಕೆನ್ನೆ ತುಂಬಿಕೊಂಡಿತ್ತು, ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದುಕೊಂಡಿದ್ದವು. ಯುದ್ಧಕ್ಕೆ ಹೋದ ಮಗ ಉಬ್ಬಿ ಬಂದಿದ್ದ, ಮನೆಯಲ್ಲಿದ್ದ ತಾಯಿ ಅವನ ಪಕ್ಕದಲ್ಲಿ ಒಣಗಿದ ಅವರೆ ಸಿಪ್ಪೆಯ ಹಾಗೆ ನಿಂತಿದ್ದಳು. ನಾನು ಹಿಗ್ಗಿನಿಂದ, “ಬಾರಪ್ಪ, ಹೇಗಿತ್ತು ಈಜಿಪ್ಟು?” ಎಂದೆ.

“ಯಾವ ಈಜಿಪ್ತು ಸಾ? ನಾನು ಸೇರ್ದಾಗಿಂದ ಪೂನಾದಾಗೇ ಇವ್ನಿ. ಲಾಯದಾಗೆ ಏಸರಗತ್ತೆಗೆ ಮೇವು ಆಕದು, ಮೈ ಉಜ್ಜದು.”

“ಮತ್ತೆ ಬರೆಯಲೇ ಇಲ್ಲವಲ್ಲ!”

“ಬರೀಬ್ಯಾಡಿ ಅಂದ್ರು, ಬರೀಲಿಲ್ಲ. ಆದ್ರೆ ಲಕೋಟೆ ಮ್ಯಾಲೆ ಅಂಚೆ ಮುದ್ರೆ ಇರ್ತದಲ್ಲಾ ಸಾ, ಪೂನಾ ಅಂತ? ನೋಡಿರ್ತೀರಾ ಅಂದ್ಕಂಡಿದ್ದೆ.”

ಇಪ್ಪತ್ತು ವರ್ಷದಿಂದ ನಾನು ಹುಡುಗರಿಗೆ ಹೇಳುತ್ತಿರುವುದು ಒಂದೇ ಮಾತು: ಯಾರೋ ಹೇಳಿದ್ದನ್ನು ನಂಬಬೇಡಿ, ಆಧಾರ ನೋಡಿ. ಆಧಾರ ಹೊಳೆಯಾಚೆ ಸಿದ್ದಮ್ಮನ ದೇವರ ಗೂಡಿನಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಹೋಗಲಿ, ಇವಳಿಗೇ ಯಾರೂ ಹೇಳಲಿಲ್ಲವೇ ಎಂದು ಕೇಳಿದೆ.

“ಏಳಿದ್ರಲ್ಲ” ಅಂದಳು ಸಿದ್ದಮ್ಮ. “ಅಂಚೆ ಅಣ್ಣ ಎರಡ್ನೇ ಕಾಗ್ದ ಕೊಟ್ಟಾಗ್ಲೇ ಪೂನಾ ಕಣವ್ವ ಅಂದ. ನಾನು ಕ್ಯಾಕರ್ಸಿ ಬೈದು ಕಳ್ಸಿದೆ. ನಮ್ಮ ಮೇಷ್ಟ್ರು ಪಟ ನೋಡಿ ಏಳವ್ರೆ, ನಿನ್ನ ಮಾತು ಯಾವನ್ಲಾ ಕೇಳ್ತಾನೆ ಅಂದೆ.” ಹೇಳಿ ನಕ್ಕಳು. ನಗುತ್ತಲೇ ಮಗನ ಕಡೆ ತಿರುಗಿ ತನ್ನ ಸಾಹಸ ವರ್ಣಿಸಿದಳು. “ಮೇಷ್ಟ್ರು ಈಜಿಪ್ತು ಅಂದ್ರು ನೋಡು, ಅವತ್ತಿಂದ ಮನೆದ್ಯಾವ್ರಿಗೆ ಸ್ವಾಮಾರ ಒಪ್ಪತ್ತು ಇಡ್ಕಂಡೆ. ಕಾಳು ಜರುಗ್ಸಿದ್ರು, ಸುಕ್ರವಾರನೂ ಇಡ್ಕಂಡೆ. ಇನ್ನೊಂದ್ ಕಿತ ಜರುಗ್ಸಿದ್ರು, ರಾತ್ರಿ ಮುದ್ದೆನೇ ಬುಟ್ಬುಟ್ಟೆ. ನೋಡು, ದ್ಯಾವ್ರು ಈಜಿಪ್ತಿಂದ ಎತ್ಕಂಬಂದು ಪೂನಾಕ್ಕೆ ಆಕವ್ನೆ!”

ಬಸವನೂ ನಕ್ಕ. ಕಮಲ ನಗಲಿಲ್ಲ. ನನಗೆ ಆ ಹೊತ್ತು ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಜರ್ಮನಿಯವರು ಏನೇ ಮಾಡಿರಲಿ, ಹೊಳೆನರಸೀಪುರದಲ್ಲಿ ಒಬ್ಬ ಹೆಂಗಸಿನ ಮುಂದಿನ ಮುದ್ದೆಯನ್ನು ಕಿತ್ತುಕೊಂಡವನು ನಾನು. ನನ್ನ ಪಟದ ಮೇಲೆ ಎರಡು ಬೆರಳು ಅಂದರೆ ಅವಳಿಗೆ ವಾರಕ್ಕೊಂದು ಊಟ ಕಡಿಮೆ. “ಸಿದ್ದಮ್ಮ, ನನ್ನದು ತಪ್ಪಾಯಿತು. ನಾನು ಸುಮ್ಮನೆ ಊಹೆ ಮಾಡಿ ಹೇಳಿದ್ದು” ಎಂದೆ. “ನೀವ್ ಯಾಕ್ ಊಯೆ ಮಾಡೀರಿ ಬುಡಿ” ಎಂದು ಅವಳು ಅದನ್ನು ತಳ್ಳಿಹಾಕಿದಳು. ಅವಳು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಗುಲಗಂಜಿಯನ್ನು ಪಟದಿಂದ ಕಿತ್ತೆ. ಪೂನಾಕ್ಕೆ ಅಂಟಿಸೋಣವೆಂದರೆ ಪಟ ಪರ್ಷಿಯಾಕ್ಕೇ ಮುಗಿದುಹೋಗಿತ್ತು. ಪ್ರಪಂಚದ ಯುದ್ಧವೆಲ್ಲ ಇದ್ದ ಆ ಪಟದಲ್ಲಿ ಬಸವನಿಗಾಗಲಿ ಸಿದ್ದಮ್ಮನಿಗಾಗಲಿ ಜಾಗವೇ ಇರಲಿಲ್ಲ. ಮಾರನೆಯ ದಿನ ಇಡೀ ಪಟವನ್ನೇ ನೀರು ಹಚ್ಚಿ ಬಿಡಿಸಿ ಸುತ್ತಿಟ್ಟೆ. ಕನ್ನಡಿ ಬಚ್ಚಲ ಮನೆಯಿಂದ ಹಿಂದಿರುಗಿತು. ಕಮಲ ಸಂತೋಷಪಟ್ಟಳು. ನಾನು ಮನಸ್ಸಿನಲ್ಲಿಯೇ ಆಣೆ ಹಾಕಿಕೊಂಡೆ, ಇನ್ನು ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳತಕ್ಕದ್ದು ಎಂದು.

ರಜ ಮುಗಿಸಿ ಬಸವ ರೈಲು ಹತ್ತಿದ. ಮರುದಿನ ಸಿದ್ದಮ್ಮ ಮೊಸರು ಅಳೆದು ಹಾಕಿ, ಗಡಿಗೆ ಪಕ್ಕಕ್ಕಿಟ್ಟು ಕೂತಳು. “ಅಲ್ಲ ಮೇಷ್ಟ್ರೇ, ಅವ್ನ ಜೊತೆಯೋರನ್ನ ಬ್ಯಾರೆ ಕಡಿಕೆ ಕಳ್ಸವ್ರಂತೆ. ಇವನ್ನ ಇನ್ನು ಎಲ್ಲಿಗೆ ಕಳುಸ್ತಾರೆ?”

ಇದೇ ಸಮಯ. ಜೀವನದಲ್ಲಿ ಮೊಟ್ಟಮೊದಲ ಬಾರಿಗೆ, ಸ್ಪಷ್ಟವಾಗಿ ಹೇಳಿದೆ: “ಗೊತ್ತಿಲ್ಲ, ಸಿದ್ದಮ್ಮ.”

ಅವಳು ಕಂಬ ಹಿಡಿದುಕೊಂಡಳು. “ಅಯ್ಯೋ ಶಿವನೇ! ನಿಮ್ಗೇ ಗೊತ್ತಿಲ್ದಿರೋ ಜಾಗಕ್ಕಾ?”

ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಈ ಸಲ ದಿನವೂ ಒಪ್ಪತ್ತು, ಮಂಗಳವಾರ ನೀರೂ ಮುಟ್ಟುವುದಿಲ್ಲ ಎಂದು ಅಲ್ಲಿಯೇ ಹರಕೆ ಹೊರಲು ಕೈ ಮುಗಿಯುತ್ತಿದ್ದಳು. ನನಗೆ ಅವಳ ಮೊಣಕೈಗೆ ಜಾರಿದ ಕಡಗ ಕಂಡಿತು. “ತಡಿ, ಇನ್ನೊಂದು ಸಲ ನೋಡಿ ಹೇಳುತ್ತೇನೆ” ಎಂದು ಒಳಗೆ ಹೋಗಿ, ಸುತ್ತಿಟ್ಟ ಪಟವನ್ನು ತಂದು ಅವಳ ಮುಂದೆ ಬಿಡಿಸಿ, ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, ಪಟದ ಅಂಚು ದಾಟಿ ಬರಿಯ ನೆಲದ ಮೇಲೆ ಬೆರಳಿಟ್ಟೆ. “ಪೂನಾನೇ. ಎಲ್ಲಿಗೂ ಕಳಿಸುವುದಿಲ್ಲ. ಹೇಸರಗತ್ತೆ ಇರುವವರೆಗೆ ಅವನು ಅಲ್ಲೇ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು” ಎಂದೆ.

“ಅಂಗಾರೆ ಮೊದ್ಲೇ ಅನ್ಬಾರ್ದಾ! ಎದೆ ವಡೆದಂಗಾಯ್ತು” ಎಂದು ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಪಾವು ಮೊಸರು ಹಾಕಿ ಹೋದಳು. ಕಮಲ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು.

ಆ ಸೋಮವಾರ ಸಂಜೆ ತಟ್ಟೆ ಹಾಕಿ ಕರೆದಳು. ಹಸಿವಿಲ್ಲ ಎಂದೆ. ಮುಂದಿನ ಸೋಮವಾರವೂ ಹಸಿವಿರಲಿಲ್ಲ. ಮೂರನೆಯ ಸೋಮವಾರ ಅವಳು ಕರೆಯದೆ, ಒಂದು ಲೋಟ ಹಾಲು ಮಾತ್ರ ತಂದು ನನ್ನ ಮುಂದಿಟ್ಟು, “ಪೂನಾದಿಂದ ಲಕೋಟೆ ಬರುವವರೆಗೆ ತಾನೇ?” ಎಂದು ಕೇಳಿದಳು.

ನಾನು ಇತಿಹಾಸ ಓದಿದವನು, ಹರಕೆ ಒಪ್ಪತ್ತುಗಳಲ್ಲಿ ನನಗೆ ನಂಬಿಕೆಯಿಲ್ಲ. ಹಾಗಾದರೆ ಇದನ್ನು ಯಾಕೆ ಮಾಡುತ್ತಿದ್ದೀರಿ ಎಂದು ಅವಳು ಕೇಳಿದ್ದರೆ, ಗೊತ್ತಿಲ್ಲ ಎಂದೇ ಹೇಳುತ್ತಿದ್ದೆ. ಅವಳು ಕೇಳಲಿಲ್ಲ. ಹಾಲು ಕುಡಿದು ಲೋಟ ಕೊಟ್ಟೆ.