ಕಿನ್ಶಾಸಾದ ಮಳೆ, ಪ್ಲೇನೋದ ಐಸು

ಬೇರೆಯವರು ಕೆಲಸಕ್ಕೆ ಅಂತ ಪರದೇಶಕ್ಕೆ ಹೋಗ್ತಾರೆ, ಕೆಲಸ ಮುಗಿಸ್ತಾರೆ, ಚಾಕೊಲೇಟ್ ತಗೊಂಡು ವಾಪಸ್ ಬರ್ತಾರೆ. ನಾನು ಹೋದರೆ ಮಾತ್ರ ನಾಲ್ಕು ಜನ ಹೊಟ್ಟೆ ಹಿಡ್ಕೊಂಡು ನಗೋ ಕಥೆ ಆಗಿಯೇ ವಾಪಸ್ ಬರ್ತೀನಿ. ಇದಕ್ಕೆಲ್ಲ ನಿನ್ನ ಸಿಟ್ಟೇ ಕಾರಣ ಅಂತಾರೆ ನಮ್ಮ ಯಜಮಾನರು. ಅದು ಸಿಟ್ಟಲ್ಲ, ನ್ಯಾಯ ಕೇಳೋದು. ನೀವೇ ಓದಿ ಹೇಳಿ.

೧. ಉಪದೇಶ

ನಾನು ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಒಂದು ನೆಟ್‌ವರ್ಕ್ ಕಂಪನಿಯಲ್ಲಿ ಎಂಜಿನಿಯರು. ಕಾಂಗೋ ದೇಶದ ಕಿನ್ಶಾಸಾದಲ್ಲಿ ಒಂದು ಮೊಬೈಲ್ ಕಂಪನಿಗೆ ನಮ್ಮ ಯಂತ್ರಗಳನ್ನು ಕೂರಿಸಿ ಬರೋ ಕೆಲಸ ಜನವರಿ ಕೊನೆಯಲ್ಲಿ ನನ್ನ ತಲೆಗೆ ಬಂತು. ಅದೇ ಹೊತ್ತಿಗೆ ರೌಂಡ್ ರಾಕ್‌ನಲ್ಲಿರೋ ನನ್ನ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲು. ಡಾಕ್ಟರ್ ಕೊಟ್ಟ ದಿನಕ್ಕೆ ಇನ್ನೂ ಸಮಯ ಇತ್ತು. "ಹೆರಿಗೆ ಹೊತ್ತಿಗೆ ನಿನ್ನ ಪಕ್ಕದಲ್ಲೇ ಇರ್ತೀನಿ ಕಣೇ" ಅಂತ ಮಾತು ಕೊಟ್ಟು, ಬಾಣಂತಿ ಖಾರದ ಪುಡಿಯನ್ನೂ ಕುಟ್ಟಿ ಡಬ್ಬಕ್ಕೆ ತುಂಬಿಟ್ಟೇ ಟಿಕೆಟ್ ಬುಕ್ ಮಾಡಿದ್ದು.

ಗೆಳತಿಯ ಮನೆ ಪಾಟ್‌ಲಕ್ ಊಟದಲ್ಲಿ ಈ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಟೆಂಟಲ್ಲಿ ಮಲಗ್ತೀರಾ ಅಂತ ಒಬ್ಬರು. ಸಿಂಹದ ಫೋಟೋ ಕಳಿಸಿ ಅಂತ ಇನ್ನೊಬ್ಬರು. ಬೆಂಗಳೂರಿನ ಹಾಗೇ ಜನ, ಬೆಂಗಳೂರಿನ ಹಾಗೇ ಟ್ರಾಫಿಕ್ಕು ಇರೋ ಊರದು ಅಂದರೆ ಯಾರೂ ನಂಬಲಿಲ್ಲ. ಪಕ್ಕದೂರು ಮರ್ಫಿಯಲ್ಲಿರೋ ನಮ್ಮ ಅಂಕಲ್ ಒಬ್ಬರಂತೂ ಮೊಸರನ್ನದ ತಟ್ಟೆ ಹಿಡ್ಕೊಂಡು ನನ್ನ ಹಿಂದೆಯೇ ಓಡಾಡಿದರು. ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡಮ್ಮ, ಕಾಡುಪ್ರಾಣಿ ಇರ್ತವೆ ಅಂತ.

ಕಿನ್ಶಾಸಾದಲ್ಲಿ ಇದ್ದಷ್ಟು ದಿನ ನನ್ನ ಕಣ್ಣಿಗೆ ಬಿದ್ದ ಪ್ರಾಣಿ ಅಂದರೆ ಹೋಟೆಲಿನ ಸೋಮಾರಿ ಬೆಕ್ಕೊಂದೇ. ಅದೇ ವಾರ ಮರ್ಫಿಯಲ್ಲಿ ಅಂಕಲ್ ಕಸದ ಡಬ್ಬ ಹೊರಗಿಡೋಕೆ ಹೋದಾಗ ಬಾಬ್‌ಕ್ಯಾಟ್ ಅನ್ನೋ ಕಾಡುಬೆಕ್ಕು ಎದುರಾಗಿ, ಗರಾಜಿಗೆ ನುಗ್ಗಿ ಬಾಗಿಲು ಹಾಕ್ಕೊಂಡು, ಒಳಗಿದ್ದ ಆಂಟಿಗೆ ಅಲ್ಲಿಂದಲೇ ಫೋನ್ ಮಾಡಿದರಂತೆ. ಅದು ಹೋಯ್ತಾ ನೋಡು ಅಂತ.

೨. ಮಳೆ ಬರ್ತಿದೆ

ಹೋಟೆಲಿನ ಕಿಟಕಿಯಿಂದ ನೋಡಿದರೆ ಕಾಂಗೋ ನದಿ. ಆ ದಡದಲ್ಲಿ ಇನ್ನೊಂದು ದೇಶ. ಮೊದಲ ದಿನವೇ ಆಕಾಶ ಕಪ್ಪಾಗಿ, ಧೋ ಅಂತ ಮಳೆ ಶುರುವಾಗಿ, ಆ ದೇಶವೂ ಕಾಣಲಿಲ್ಲ, ನದಿಯೂ ಕಾಣಲಿಲ್ಲ. ಒಂಬತ್ತಕ್ಕೆ ಬರಬೇಕಿದ್ದ ಕಾರೂ ಕಾಣಲಿಲ್ಲ.

ಆ ಮೊಬೈಲ್ ಕಂಪನಿಯ ಮುಖ್ಯ ಎಂಜಿನಿಯರ್‌ಗೆ ಫೋನ್ ಮಾಡಿದೆ. ಒಳ್ಳೇ ಮನುಷ್ಯರು, ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು. "ಮದಾಮ್, ಮಳೆ ಬರ್ತಿದೆ" ಅಂದರು. ಅದು ನನಗೂ ಕಾಣ್ತಿದೆ, ಕಾರೆಲ್ಲಿ ಅಂದೆ. ಮಗುವಿಗೆ ಹೇಳೋ ಹಾಗೆ ನಿಧಾನವಾಗಿ ಮತ್ತೆ ಅದನ್ನೇ ಹೇಳಿದರು. ಅಲ್ಲಿ ಮಳೆ ನಿಲ್ಲೋವರೆಗೆ ಯಾರೂ ಕೆಲಸಕ್ಕೆ ಬರಲ್ವಂತೆ, ಯಾರೂ ಬಾ ಅಂತ ಕರೆಯೋದೂ ಇಲ್ವಂತೆ.

ನನ್ನ ಮೈಯೆಲ್ಲ ಉರಿದುಹೋಯ್ತು. ನಾನು ಹುಟ್ಟಿ ಬೆಳೆದಿದ್ದು ಉಡುಪಿಯಲ್ಲಿ. ನನಗೆ ಮಳೆ ಕಥೆ ಹೇಳ್ತಾರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಲಂಗದಲ್ಲೇ ಸ್ಕೂಲಿನ ಬೆಂಚಲ್ಲಿ ಕೂತು ಪಾಠ ಕಲಿತವಳು ನಾನು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತ ಗಾದೆ ಇರೋ ನಾಡಿನವಳು. ಹೋಟೆಲಿನ ಛತ್ರಿ ಹಿಡಿದು ನಡೆದೇ ಹೊರಟೆ. ಅರ್ಧ ದಾರಿಗೆ ಛತ್ರಿ ಮಗುಚಿಕೊಳ್ತು. ಆಫೀಸು ಮುಟ್ಟೋ ಹೊತ್ತಿಗೆ ನನ್ನನ್ನು ಹಿಂಡಿ ಒಣಹಾಕಬಹುದಿತ್ತು.

ಇಡೀ ಕಟ್ಟಡದಲ್ಲಿ ಇದ್ದವನು ವಾಚ್‌ಮನ್ ಒಬ್ಬನೇ. ನನ್ನನ್ನು ನೋಡಿದವನೇ ಟೋಪಿ ತೆಗೆದ. ಕುರ್ಚಿ ಹಾಕಿದ, ಟವೆಲ್ ಕೊಟ್ಟ, ತಲೆ ತಗ್ಗಿಸಿ ಪಕ್ಕದಲ್ಲಿ ನಿಂತ. ಆಮೇಲೆ ಮೆಲ್ಲಗೆ ಯಾರು ಯಾರಿಗೋ ಫೋನ್ ಮಾಡಿದ. ಪರವಾಗಿಲ್ಲ, ಕೆಲಸದ ಬೆಲೆ ಗೊತ್ತಿರೋನು ಒಬ್ಬನಾದರೂ ಇದಾನಲ್ಲ ಅಂದ್ಕೊಂಡೆ. ಮಳೆ ನಿಂತ ಮೇಲೆ ಒಬ್ಬೊಬ್ಬರೇ ಬಂದರು. ಬಂದವರೆಲ್ಲ ನನ್ನ ಎರಡೂ ಕೈ ಹಿಡಿದು, ಮಾತಿಲ್ಲದೆ ಸುತ್ತ ಕೂತರು. ಲೆಕ್ಕಪತ್ರ ನೋಡೋ ಹೆಂಗಸೊಬ್ಬಳು ಅಳೋಕೇ ಶುರು ಮಾಡಿದಳು. ಕೊನೆಗೆ ಮುಖ್ಯ ಎಂಜಿನಿಯರ್ ಬಂದು ಮಂಡಿಯೂರಿ ಕೇಳಿದರು, "ಯಾರು ಹೋದದ್ದು, ಮದಾಮ್? ತಂದೆಯವರಾ?"

ಯಾರೂ ಹೋಗಿಲ್ಲ, ನಾನು ಕೆಲಸಕ್ಕೆ ಬಂದೆ ಅಂದೆ. ಅವರು ಅದನ್ನು ಫ್ರೆಂಚಿನಲ್ಲಿ ಎಲ್ಲರಿಗೂ ಹೇಳಿದರು. ಆ ಹೆಂಗಸು ಅಳು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಮತ್ತೆ ಅಳೋಕೆ ಶುರು ಮಾಡಿದಳು, ಈ ಸಲ ನನಗೋಸ್ಕರ.

೩. ಸವಾರಿ

ಮಳೆ ನಿಂತ ಮಾತ್ರಕ್ಕೆ ನೀರು ನಿಲ್ಲುತ್ತಾ? ಒಂದು ಸಂಜೆ ಆಫೀಸಿನ ಮುಂದಿನ ರಸ್ತೆಯೇ ಹೊಳೆಯಾಗಿತ್ತು. ಅಲ್ಲಿ ಅದಕ್ಕೂ ವ್ಯವಸ್ಥೆ ಇದೆ. ಗಟ್ಟಿಮುಟ್ಟಾದ ಗಂಡಸರು ಪ್ಯಾಂಟು ಮಡಚಿ ನಿಂತಿರ್ತಾರೆ, ಇಸ್ತ್ರಿ ಬಟ್ಟೆಯವರನ್ನು ಬೆನ್ನ ಮೇಲೆ ಹೊತ್ತು ಆಚೆ ದಡಕ್ಕೆ ಬಿಡ್ತಾರೆ. ಛೆ ಛೆ, ಮನುಷ್ಯರ ಮೇಲೆ ಸವಾರಿಯೇ ಅಂತ ನಾನು ಭಾಷಣ ಬಿಗಿದು, ಚೂಡಿದಾರ್ ಎತ್ತಿಕೊಂಡು ನೀರಿಗಿಳಿದೆ. ಮೂರನೇ ಹೆಜ್ಜೆಗೆ ಎಡಗಾಲಿನ ಚಪ್ಪಲಿ ನದಿಯ ಕಡೆ ಹೊರಟುಹೋಯ್ತು. ನಾಲ್ಕನೆಯದಕ್ಕೆ ಮೊಣಕಾಲುದ್ದ ಕೆಸರಲ್ಲಿ ಸಿಕ್ಕಿಕೊಂಡೆ.

ಸರಿ, ಹೊರಪ್ಪಾ ಅಂತ ಸನ್ನೆ ಮಾಡಿದೆ. ಅವರಲ್ಲೆಲ್ಲ ಎತ್ತರದವನು ಹತ್ತಿರ ಬಂದ. ಎದುರಿಂದ ನೋಡಿದ, ಪಕ್ಕದಿಂದ ನೋಡಿದ. ಒಂದು ನಿಮಿಷ ಅಂತ ಬೆರಳು ತೋರಿಸಿ ಹೋಗಿ, ತನ್ನ ಅಣ್ಣನನ್ನೂ ಒಂದು ತಳ್ಳುಗಾಡಿಯನ್ನೂ ಕರ್ಕೊಂಡು ಬಂದ.

೪. ಮೊದಲೇ ಹೇಳಬಾರದಿತ್ತಾ

ಹೀಗೆ ಮಳೆಗೊಂದು ದಿನ, ನೀರಿಗೊಂದು ದಿನ ಅಂತ ಕೊಟ್ಟು ಕೊಟ್ಟು ಕೆಲಸ ಹಿಂದೆ ಬಿತ್ತು. ಯಂತ್ರಗಳನ್ನು ಎಲ್ಲರ ಎದುರು ಚಾಲು ಮಾಡಿ ತೋರಿಸದೆ ನಾನು ಹೊರಡೋ ಹಾಗಿರಲಿಲ್ಲ. ಕೊನೇ ದಿನ ಬೆಳಗ್ಗೆ ಅದಾಗಬೇಕು, ಸಂಜೆ ನನ್ನ ಫ್ಲೈಟು. ಬೆಳಗ್ಗೆ ಎದ್ದರೆ ಮಳೆ. ಅದರ ಮೇಲೆ ಅಳಿಯನ ಮೆಸೇಜು, ಮಗಳ ಕಾಲು ಊದಿದೆ, ಕೊಟ್ಟ ದಿನಕ್ಕೆ ಮುಂಚೆಯೇ ಹೆರಿಗೆ ಆದರೂ ಆಗಬಹುದು ಅಂತಾರೆ ಡಾಕ್ಟರ್ ಅಂತ.

ಮುಖ್ಯ ಎಂಜಿನಿಯರ್ ಫೋನಲ್ಲಿ, ನಾಳೆ ನೋಡೋಣ ಮದಾಮ್ ಅಂದರು. ಅಷ್ಟೇ, ನನ್ನ ಕಟ್ಟೆ ಒಡೀತು. ನಾಳೆ ಅಂದರೆ ನಿಮಗೆ ಸಲೀಸು, ನನ್ನ ಮಗಳಿಗೆ ಚೊಚ್ಚಲ ಹೆರಿಗೆ, ಪಕ್ಕದಲ್ಲಿರ್ತೀನಿ ಅಂತ ಮಾತು ಕೊಟ್ಟಿದೀನಿ, ನಾನಿಲ್ಲದೆ ಅವಳು ಹೆದರ್ತಾಳೆ ಅಂತ ಒಂದೇ ಉಸಿರಿಗೆ ಕೂಗಿದೆ. ಕೂಗ್ತಾ ಕೂಗ್ತಾ ಅಳುವೂ ಬಂತು. ಆ ಕಡೆ ಫೋನ್ ಕಟ್ ಆಯ್ತು.

ನಾನು ಕುದೀತಾ ಆಫೀಸಿಗೆ ಹೋದೆ. ಸ್ವಲ್ಪ ಹೊತ್ತಿಗೆ ಆ ಸುರಿಯೋ ಮಳೆಯಲ್ಲಿ ಒಬ್ಬೊಬ್ಬರೇ ಬಂದರು. ಶೂ ಕೈಯಲ್ಲಿ ಹಿಡಿದು ಮುಖ್ಯ ಎಂಜಿನಿಯರ್, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಲೆಕ್ಕಪತ್ರದ ಹೆಂಗಸು. ಮಧ್ಯಾಹ್ನದೊಳಗೆ ಎಲ್ಲ ಚಾಲು ಆಯ್ತು. ಆ ಹೆಂಗಸು ಮಗುವಿಗೆ ಅಂತ ಹೂವಿನ ಚಿತ್ರದ ಬಟ್ಟೆಯೊಂದನ್ನು ನನ್ನ ಮಡಿಲಿಗಿಟ್ಟಳು. ನಾನದನ್ನು ಮಡಚಿ ಬ್ಯಾಗಿನಲ್ಲಿ ಮೇಲೆಯೇ ಇಟ್ಕೊಂಡೆ.

"ಸಾವು, ಹೆರಿಗೆ, ಎರಡಕ್ಕೇ ಮದಾಮ್ ನಾವು ಮಳೆಯಲ್ಲಿ ಹೊರಡೋದು" ಅಂದರು ಮುಖ್ಯ ಎಂಜಿನಿಯರ್. ಆಮೇಲೆ ನನ್ನನ್ನೇ ಬೈಯೋ ಧಾಟಿಯಲ್ಲಿ, ಇದನ್ನ ಮೊದಲ ದಿನವೇ ಹೇಳಿದ್ದರೆ ಹೋದ ವಾರವೇ ಮುಗಿಸಿ ಕಳಿಸ್ತಿದ್ವಲ್ಲ ಅಂದರು.

೫. ಉಗುರಿನಷ್ಟು ಐಸು

ಡಲ್ಲಾಸ್‌ಗೆ ಬಂದಿಳಿದೆ. ಮಾರನೇ ಬೆಳಗ್ಗೆ ರೌಂಡ್ ರಾಕ್‌ಗೆ ಹೊರಡೋದು ಅಂತ ಬ್ಯಾಗನ್ನೂ ಖಾರದ ಡಬ್ಬವನ್ನೂ ಬಾಗಿಲಲ್ಲೇ ಇಟ್ಟು ಮಲಗಿದೆ. ಎದ್ದರೆ ಅಂಗಳದಲ್ಲಿ ಐಸು. ಅದರ ದಪ್ಪ ನನ್ನ ಉಗುರಿನಷ್ಟು ಕೂಡ ಇರಲಿಲ್ಲ. ಅಷ್ಟಕ್ಕೇ ಶಾಲೆ ಬಂದ್, ಅಂಗಡಿ ಬಂದ್, ದೇವಸ್ಥಾನವೂ ಬಂದ್. ನನ್ನ ಪ್ರವಾಸದ ವರದಿ ಕೇಳಬೇಕಿದ್ದ ಬಾಸ್ ಫೋನ್ ಮಾಡಿ, ಮೀಟಿಂಗ್ ಕ್ಯಾನ್ಸಲ್ ಅಂದರು. ಯಾಕೆ ಅಂದರೆ, ಹೊರಗೆ ಐಸ್ ಇದೆ ಅಂತ ಮಗುವಿಗೆ ಹೇಳೋ ಹಾಗೆ ನಿಧಾನವಾಗಿ ಹೇಳಿದರು.

ಅಷ್ಟರಲ್ಲಿ ಅಳಿಯನ ಫೋನು. ನೋವು ಶುರುವಾಗಿದೆ, ಆಸ್ಪತ್ರೆಗೆ ಬಂದಿದ್ದೀವಿ ಅಂತ. ಯಜಮಾನರು ಟಿವಿ ಮುಂದೆ ನಿಂತು, ಮಧ್ಯಾಹ್ನ ಕರಗಿದ ಮೇಲೆ ನೋಡೋಣ ಕಣೇ ಅಂದರು. ಮರ್ಫಿ ಅಂಕಲ್ ಫೋನ್ ಮಾಡಿ, ಹೊರಗೆ ಕಾಲಿಡಬೇಡಮ್ಮ ಅಂದರು. ನಾನು ಬ್ಯಾಗನ್ನೂ ಖಾರದ ಡಬ್ಬವನ್ನೂ ಎತ್ತಿಕೊಂಡು ಕಾರಲ್ಲಿ ಕೂತೆ. "ಹೆರಿಗೆ ರೀ ಇದು" ಅಂದೆ. ಬಾಗಿಲಿಗೆ ಬಂದ ಯಜಮಾನರು ನನ್ನ ಮುಖ ನೋಡಿ ಕೀಲಿ ತಗೊಂಡರು.

ಮೂರೂವರೆ ಗಂಟೆ ದಾರಿಗೆ ಇಡೀ ಹಗಲು ಹಿಡೀತು. ಆಸ್ಪತ್ರೆ ಬಾಗಿಲಲ್ಲಿ ನನ್ನನ್ನು ಇಳಿಸಿ ಅವರು ಕಾರು ನಿಲ್ಲಿಸೋಕೆ ಹೋದರು. ನಾನು ಅವಸರದಲ್ಲಿ ಹೆಜ್ಜೆ ಇಟ್ಟವಳು ಐಸಿನ ಮೇಲೆ ಜಾರಿ ದೊಪ್ಪನೆ ಬಿದ್ದೆ. ಒದ್ದೆ ಬಟ್ಟೆ, ಕೆದರಿದ ಕೂದಲು, ಕಣ್ಣಲ್ಲಿ ನೀರು, ಎದೆಗೆ ಅವುಚಿಕೊಂಡ ಸ್ಟೀಲ್ ಡಬ್ಬ. ಆ ಅವತಾರದಲ್ಲಿ ಒಳಗೆ ಹೋದರೆ ರಿಸೆಪ್ಷನ್‌ನಲ್ಲಿ ಒಬ್ಬಳೇ ಹುಡುಗಿ. ನನ್ನನ್ನು ನೋಡಿದಳು, ಡಬ್ಬವನ್ನು ನೋಡಿದಳು, ಎದ್ದು ಬಂದು ಕುರ್ಚಿಯಲ್ಲಿ ಕೂರಿಸಿ, ಯಾರಿಗೋ ಫೋನ್ ಮಾಡಿದಳು. ನಾನು ಮೇಲೆ ಹೋಗಬೇಕು ಅಂತ ಏಳೋ ಹೊತ್ತಿಗೆ ಒಬ್ಬ ಪಾದ್ರಿ ಬಂದು ನನ್ನ ಎರಡೂ ಕೈ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಡಬ್ಬದಲ್ಲಿರೋ ಅಗಲಿದ ಆತ್ಮಕ್ಕೆ ಶಾಂತಿ ಸಿಗಲಿ ಅಂತ.

ನನಗೆ ಇಂಗ್ಲಿಷೇ ಮರೆತುಹೋಯ್ತು. "ಯಾರೂ ಸತ್ತಿಲ್ಲ ಮಾರಾಯ್ರೆ, ಹುಟ್ತಾ ಇದೆ, ಬಿಡಿ ನನ್ನ ಕೈ!" ಅಂತ ಕನ್ನಡದಲ್ಲೇ ಕಿರುಚಿದೆ. ಬ್ಯಾಗ್ ಹೊತ್ತು ಹಿಂದೆಯೇ ಬಂದ ಯಜಮಾನರು ಬಿಡಿಸದಿದ್ದರೆ ಆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಮಗು ನಡೆಯೋಕೆ ಕಲೀತಿತ್ತು.

ಮೇಲೆ ಹೋದೆ. ಮಗಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳು ಅಂದರೆ ಬಳೆ ಒಡೀತು. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು, ಬ್ಯಾಗಿನಲ್ಲಿದ್ದ ಆ ಹೂವಿನ ಬಟ್ಟೆಯಲ್ಲೇ ಸುತ್ತಿ ನನ್ನ ಕೈಗೆ ಕೊಟ್ಟರು. ಕೊಟ್ಟ ಮಾತು ಉಳೀತು. ಆ ಖುಷಿಗೆ, ಅಲ್ಲಿ ಬೆಳಗಾಗಿ ಆಫೀಸು ತೆರೆಯೋವರೆಗೆ ಕಾದು ಕಿನ್ಶಾಸಾಕ್ಕೆ ಫೋನ್ ಮಾಡಿದೆ. ಮುಖ್ಯ ಎಂಜಿನಿಯರ್ ಸ್ಪೀಕರ್‌ಗೆ ಹಾಕಿದರು, ಇಡೀ ಆಫೀಸು ಚಪ್ಪಾಳೆ ತಟ್ಟಿತು. ಐಸ್ ಬಿದ್ದು ಊರೇ ಬಂದ್ ಆಗಿತ್ತು, ಯಾರೂ ಹೊರಗೆ ಬರಲಿಲ್ಲ, ಆದರೂ ನಾನು ಬಂದೆ ಅಂತ ಹೆಮ್ಮೆಯಿಂದ ಹೇಳಿದೆ.

ಎಷ್ಟು ಐಸ್ ಅಂತ ಕೇಳಿದರು. ಉಗುರಿನಷ್ಟು ಅಂದೆ.

ಅದನ್ನು ಫ್ರೆಂಚಿನಲ್ಲಿ ಆಫೀಸಿಗೆಲ್ಲ ಹೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ ಅಂದರು, "ನಮ್ಮಲ್ಲಿ ನೀರು ಮೊಣಕಾಲುದ್ದ ಇರುತ್ತೆ, ಮದಾಮ್."