ಮೇಷ್ಟ್ರ ಹಿತ್ತಲಿನ ಮೂರು ಕಾಲ

"ಪುಷ್ಪಾ, ಈಗ ಕಣ್ಣು ಬಿಡು!" ಎಂದರು ತಿಪ್ಪೇಸ್ವಾಮಿ ಮೇಷ್ಟ್ರು.

ಪುಷ್ಪಾವತಿ ಕಣ್ಣು ಬಿಟ್ಟರು. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಅದು ತಾನಾಗೇ ಅರ್ಧ ಮುಚ್ಚಿಕೊಂಡಿತು. ಮೂವತ್ತು ವರ್ಷದಿಂದ ಅವರು ತರಕಾರಿ ಬೆಳೆಯುತ್ತಿದ್ದ ಹಿತ್ತಲಿನ ಮೂರು ಪಾತಿಗಳ ನಡುವೆ, ಹಳೇ ಕೂಲರು, ಮಿಕ್ಸಿಯ ಮೋಟಾರು, ಛತ್ರಿ ಕಡ್ಡಿಗಳೆಲ್ಲ ಸೇರಿ ಹುಟ್ಟಿದ ಒಂದು ಪ್ರಾಣಿ ಗುರುಗುಡುತ್ತಾ ನಿಂತಿತ್ತು.

"ಏನ್ರೀ ಇದು?"

"ಕಾಲಯಂತ್ರ!"

"ಹಳೇ ಕಾಲಕ್ಕೆ ಹೋಗೋದಾ?"

"ಅಲ್ಲ ಕಣೇ! ಮಳೆಗಾಲ, ಚಳಿಗಾಲ, ಬೇಸಿಗೆಕಾಲ, ಆ ಕಾಲ. ಹೀರೆ ಪಾತಿಗೆ ಮಳೆ, ಬದನೆ ಪಾತಿಗೆ ಬಿಸಿಲು, ಅವರೆ ಪಾತಿಗೆ ಚಳಿ. ಅದೂ ದಿನಕ್ಕೆ ಒಂದು ತಿಂಗಳ ಲೆಕ್ಕ!"

ಪಾಲಿಟೆಕ್ನಿಕ್ಕಿನಲ್ಲಿ ಲೇತ್ ಕಲಿಸಿ ನಿವೃತ್ತರಾದ ಮೇಷ್ಟ್ರು ಹಿಂದೆ ಕಂಡುಹಿಡಿದಿದ್ದ, ಮಳೆ ಬಂದರೆ ತಾನೇ ಬಟ್ಟೆ ಸುತ್ತಿಕೊಳ್ಳುವ ಹಗ್ಗ, ಬೆಕ್ಕನ್ನೂ ಸುತ್ತಿಕೊಂಡಿತ್ತು. ಬೇರೆ ದಿನವಾಗಿದ್ದರೆ ಪುಷ್ಪಾವತಿ ಪೊರಕೆ ಹಿಡಿಯುತ್ತಿದ್ದರು. ಆದರೆ ಒಳಗೆ ನೀಲಕ್ಕ ಮಲಗಿದ್ದರು. ತಾಯಿ ಇಲ್ಲದ ಪುಷ್ಪಾವತಿಯನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಟೈಫಾಯ್ಡ್ ಬಿಟ್ಟು ಇಪ್ಪತ್ತು ದಿನವಾದರೂ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. "ಜ್ವರ ಹೋಗಿದೆ, ಇನ್ನು ಊಟ ಸೇರಿದರೆ ಸಾಕು" ಎಂದಿದ್ದರು ಡಾಕ್ಟರು. ಅಕ್ಕನಿಗೆ ಸೇರುವುದು ಒಂದೇ: ಹಿತಕಿದ ಅವರೆಬೇಳೆ ಸಾರು. ಕೇಳಿದ್ದು ಸುಡು ಬೇಸಿಗೆಯಲ್ಲಿ!

"ಇಬ್ಬನಿ ಬೀಳದೆ ಸೊಗಡು ಎಲ್ಲಿಂದ ಬರುತ್ತೆ?" ಪುಷ್ಪಾವತಿ ಕೇಳಿದರು.

"ಇಬ್ಬನಿನೇ ಬೀಳಿಸ್ತೀನಿ, ನೋಡ್ತಿರು!"

ಪುಷ್ಪಾವತಿ ಅವರೆಬೀಜ ತಂದು ಊರಿದರು.

ಮರುದಿನ ಬೆಳಿಗ್ಗೆ ಬಳ್ಳಿ ಮೊಣಕಾಲುದ್ದ ಬೆಳೆದು, ಎಲೆಯ ಮೇಲೆ ಇಬ್ಬನಿ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ಮೀಸೆ ತಿರುವುವಷ್ಟರಲ್ಲಿ ಪಕ್ಕದ ಮನೆಯ ತಾರಸಿಯಿಂದ ಕೂಗು ಕೇಳಿತು.

"ಮೇಷ್ಟ್ರೇ! ಏನ್ ಮಾಡಿದ್ರಿ ನನ್ನ ಸಂಡಿಗೆಗೆ?"

ಖುರ್ಷಿದಾಬಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು. ಹೀರೆ ಪಾತಿಯ ಮೋಡ ಗಾಳಿಗೆ ಜಾರಿ, ಮಂಚದಗಲದ ಒಂದು ಮಳೆಯಾಗಿ, ಆಕೆ ಹರಡಿದ್ದ ಸಂಡಿಗೆಯ ಮೇಲಷ್ಟೇ ಸುರಿಯುತ್ತಿತ್ತು. ಆಚೀಚೆ ಒಂದು ಹನಿಯಿಲ್ಲ!

"ಸ್ವಲ್ಪ ಪಕ್ಕಕ್ಕೆ ಎಳ್ಕೊಳ್ಳಿ ಖುರ್ಷಿದಾಬಿ!"

ಆಕೆ ಕೆಳಗೆ ಹಾಸಿದ್ದ ಹಳೇ ಸೀರೆಸಮೇತ ಸಂಡಿಗೆಯನ್ನು ಎಳೆದರು. ಮಳೆಯೂ ಹಿಂದೆಯೇ ಹೋಯಿತು.

"ಇನ್ನು ಈ ಮನೆಗೂ ನಮಗೂ ಮಾತಿಲ್ಲ!" ಎಂದು ಖುರ್ಷಿದಾಬಿ ದಡದಡ ಇಳಿದುಹೋದರು.

ಮೂರನೆಯ ದಿನ ಚಳಿಗಾಲ ಕಿಟಕಿ ಹತ್ತಿ ಅಡುಗೆಮನೆಗೆ ಬಂತು. ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ, ಇಡ್ಲಿ ಹಿಟ್ಟು ಉಬ್ಬಲಿಲ್ಲ, ಕೊಬ್ಬರಿ ಎಣ್ಣೆ ಮಾತ್ರ ಕಲ್ಲಾಯಿತು. "ಪುಷ್ಪೀ, ಕಂಬಳಿ ಕೊಡೇ" ಎಂದರು ನೀಲಕ್ಕ. ಅಂಗಳದಲ್ಲಿ ಬಿಸಿಲು ಮಾತ್ರ ಹಂಚು ಕಾಯಿಸುವಂತಿತ್ತು.

"ನಿಲ್ಲಿಸ್ರೀ ಅದನ್ನ! ಅಕ್ಕಂಗೆ ಮತ್ತೆ ಜ್ವರ ಬಂದರೆ?"

"ಹೂವು ಬಿಟ್ಟಿದೆ ಕಣೇ. ಈಗ ನಿಲ್ಲಿಸಿದರೆ ಬಿಸಿಲಿಗೆ ಎಲ್ಲ ಉದುರಿಹೋಗುತ್ತೆ."

ಪುಷ್ಪಾವತಿ ಹೂವನ್ನು ನೋಡಿದರು, ಒಳಗಿನ ಮಂಚವನ್ನು ನೋಡಿದರು. ಅಕ್ಕನಿಗೆ ಇನ್ನೊಂದು ಕಂಬಳಿ ಹೊದಿಸಿ, ಕಿಟಕಿಗೆ ಗೋಣಿಚೀಲ ಬಡಿದರು.

ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಾಯಿ ತುಂಬಿ ಬಳ್ಳಿ ಬಗ್ಗಿತು. ಸೊಗಡು ಬೀದಿಗೆಲ್ಲ ಹರಡಿತು. ಕಾಯಿ ಇನ್ನೂ ಸ್ವಲ್ಪ ಬಲಿಯಲಿ ಎಂದು ಮೇಷ್ಟ್ರು ತಿರುಗುಣಿಯನ್ನು ಒಂದು ಸುತ್ತು ಹೆಚ್ಚು ತಿರುಗಿಸಿದರು. ಅದು ಕೈಗೇ ಬಂತು!

ಯಂತ್ರ ಕುಣಿಯತೊಡಗಿತು. ದಿನಕ್ಕೊಂದು ತಿಂಗಳಿದ್ದದ್ದು ನಿಮಿಷಕ್ಕೆ ಎರಡು ದಿನವಾಯಿತು. ಕಣ್ಣೆದುರೇ ತುದಿಯ ಕಾಯಿ ಹಳದಿಯಾಗಿ, ಒಣಗಿ, ಪಟಪಟ ಸಿಡಿಯಿತು.

"ಅಯ್ಯೋ, ಸಂಕ್ರಾಂತಿ ದಾಟ್ತಾ ಇದೆ! ಬಿಡಿಸೇ, ಬಿಡಿಸು!" ಎಂದು ಕೂಗುತ್ತ ಮೇಷ್ಟ್ರು ಎರಡೂ ಕೈಯಿಂದ ಯಂತ್ರವನ್ನು ತಬ್ಬಿಕೊಂಡರು.

ಪುಷ್ಪಾವತಿ ಮಡಿಲು ಕಟ್ಟಿ ನುಗ್ಗಿದರು. ಎರಡು ಕೈ ಎಲ್ಲಿಗೆ ಸಾಲಬೇಕು? ಅಷ್ಟರಲ್ಲಿ ಕಾಂಪೌಂಡು ಹಾರಿ ಇನ್ನೆರಡು ಕೈ ಬಂದವು.

"ಮಾತಿಲ್ಲ ಅಂದಿದ್ದೆ, ಕೆಲಸ ಇಲ್ಲ ಅಂದಿರಲಿಲ್ಲ. ನೀಲಕ್ಕಂಗೆ ತಾನೇ?" ಎಂದು ಖುರ್ಷಿದಾಬಿ ಇನ್ನೊಂದು ತುದಿಯಿಂದ ಕಾಯಿ ಕೀಳತೊಡಗಿದರು.

ಇಬ್ಬರ ಮಡಿಲು ತುಂಬುವುದಕ್ಕೂ, ಢಬ್ ಎಂದು ಯಂತ್ರ ಸಿಡಿಯುವುದಕ್ಕೂ ಸರಿಹೋಯಿತು. ಬಳ್ಳಿ ಒಣಹುಲ್ಲಾಗಿತ್ತು. ಮೇಷ್ಟ್ರು ಮಸಿ ಮೆತ್ತಿದ ಮುಖದಲ್ಲಿ ಪಿಳಿಪಿಳಿ ನೋಡುತ್ತಾ ಕೂತಿದ್ದರು.

ಸಂಜೆ ನೀಲಕ್ಕ ಎದ್ದು ಕೂತರು. ಅವರೆಬೇಳೆ ಸಾರು ಕಲಸಿದ ಅನ್ನದ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಪುಷ್ಪಾವತಿ ಸೌಟು ಹಿಡಿದೇ ಕಾದರು.

"ಉಪ್ಪು ಒಂಚೂರು ಕಡಿಮೆ" ಎಂದು ತಟ್ಟೆ ಮುಂದೆ ಚಾಚಿದರು ಅಕ್ಕ. "ಹಾಕು, ಇನ್ನೊಂದು ಸೌಟು."

ಪುಷ್ಪಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಈ ಮಾತು ಹೇಳಲೆಂದು ಹಿತ್ತಲಿಗೆ ಓಡಿದರು. ಹತ್ತಿರ ಹೋಗುತ್ತಲೇ ಮೈ ಜುಮ್ಮೆಂದಿತು. ಮೇಷ್ಟ್ರ ಮೀಸೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದರೆ ಹೊಗೆಯಂತೆ ಮಂಜು! ಯಂತ್ರದೊಳಗೆ ಉಳಿದಿದ್ದ ಚಳಿಗಾಲವೆಲ್ಲ ತಬ್ಬಿಕೊಂಡಿದ್ದ ಮೇಷ್ಟ್ರ ಮೈಗೆ ಅಂಟಿತ್ತು. ಸ್ನಾನ ಮಾಡಿಸಿದರೂ ಹೋಗಲಿಲ್ಲ, ಬೆಂಕಿ ಕಾಯಿಸಿದರೂ ಬಿಡಲಿಲ್ಲ.

ಮೇ ತಿಂಗಳ ಉರಿಯಲ್ಲೂ ಈಗ ಪುಷ್ಪಾವತಿಯ ಹಿತ್ತಲಲ್ಲಿ ನವಿಲುಕೋಸು ಬೆಳೆಯುತ್ತಿದೆ. ಮೇಷ್ಟ್ರು ಶಾಲು ಹೊದ್ದು ಪಾತಿಯ ಪಕ್ಕ ಕುರ್ಚಿಯಲ್ಲಿ ಕೂತಿರುತ್ತಾರೆ. ಗಂಟೆಗೊಮ್ಮೆ ಹೆಂಡತಿ ಬಂದು ಕುರ್ಚಿಯನ್ನು ಕ್ಯಾರೆಟ್ಟಿನ ಕಡೆಗೆ ಎಳೆಯುತ್ತಾರೆ.

"ಯಂತ್ರ ರಿಪೇರಿ ಮಾಡ್ಲೇನೇ?" ಎಂದು ಮೊನ್ನೆ ಮೇಷ್ಟ್ರು ಹಲ್ಲು ಕಟಕಟಿಸುತ್ತ ಕೇಳಿದರು.

"ಬೇಡ್ರೀ" ಎಂದರು ಪುಷ್ಪಾವತಿ, ಕುರ್ಚಿ ಎಳೆಯುತ್ತಲೇ. "ಮದುವೆಯಾದಾಗಿನಿಂದ ನೀವು ಮನೆಗೆ ಉಪಯೋಗಕ್ಕೆ ಬಂದಿರೋದು ಈಗಲೇ."