ಎಲ್ಲರಿಗೂ ಕಂಡ ಅಳತೆ

"ಐದೇ ನಿಮಿಷ! ನೀನು ಒಂದು ಗುಂಡಿ ಹೊಲಿಯೋದ್ರೊಳಗೆ ಮುಗಿಸಿಬಿಡ್ತೀನಿ," ಎಂದು ಯಜಮಾನರು ತೋಳೇರಿಸಿದರು.

ಹೆಂಡತಿಯ ಹೊಲಿಗೆ ಅಂಗಡಿ ಮನೆಯ ಮುಂದಿನ ಕೋಣೆಯಲ್ಲಿ. ಗಿರಾಕಿಗಳ ಅಳತೆಗಳೆಲ್ಲ ಯಜಮಾನರೇ ಬರೆದ ಪ್ರೋಗ್ರಾಮಿನಲ್ಲಿ, ಒಳಕೋಣೆಯ ಅವರ ಲ್ಯಾಪ್‌ಟಾಪಿನಲ್ಲಿ. ಆಕೆ "ಸೊಂಟ ಎಷ್ಟು ರೀ?" ಎಂದು ಕೂಗಬೇಕು, ಅವರು ಅಲ್ಲಿಂದಲೇ ಕೂಗಿ ಹೇಳಬೇಕು, ಊರವರ ಸೊಂಟವೆಲ್ಲ ಬೀದಿಗೇ ಬಾಯಿಪಾಠ! ಇಂದು ಆ ಆಟ ನಡೆಯುವಂತಿರಲಿಲ್ಲ. ಹೊಸ ಉಡುಪು ಒಯ್ಯಲು ಶಾಲೆಯ ಹೆಡ್‌ಮೇಡಂ ಬರುವವರಿದ್ದರು. ಅವರು ಮೆಚ್ಚಿದರೆ ಇಡೀ ಶಾಲೆಯ ಸಮವಸ್ತ್ರದ ಕೆಲಸ ಆಕೆಗೆ! ಅದಕ್ಕೇ ಅಳತೆಗಳು ಅಂಗಡಿಯ ಕಂಪ್ಯೂಟರಿನಲ್ಲೂ ಕಾಣುವಂತೆ ಮಾಡಲು ಯಜಮಾನರು ಹೊರಟಿದ್ದರು.

"ನಿನ್ನ ಕಂಪ್ಯೂಟರಲ್ಲಿ ಲೋಕಲ್‌ಹೋಸ್ಟ್ ಅಂತ ಒತ್ತು!"

"ಒತ್ತಿದೆ. ಏನೂ ಬರ್ತಿಲ್ಲ."

"ನನ್ನದ್ರಲ್ಲಿ ಬರ್ತಿದೆಯಲ್ಲ!"

"ನಿಮ್ಮದ್ರಲ್ಲಿ ಬಂದ್ರೆ ನಾನೇನು ಆರತಿ ಎತ್ತಲಾ?"

ಅರ್ಧ ಗಂಟೆಯ ಮೇಲೆ ಯಜಮಾನರಿಗೆ ಹೊಳೆಯಿತು: ಹಾಗೆ ಒತ್ತಿದರೆ ಪ್ರತಿ ಕಂಪ್ಯೂಟರೂ ತನ್ನೊಳಗೇ ಹುಡುಕಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ವಿಳಾಸದ ಅಂಕಿಗಳನ್ನೇ ಕೊಟ್ಟರು. ಊಹೂಂ! ಲ್ಯಾಪ್‌ಟಾಪಿನೊಳಗೆ ಅಳತೆ ಬಡಿಸುವ ಸರ್ವರ್ ತನ್ನ ಮಾತಿಗೆ ಮಾತ್ರ ಓಗೊಡುತ್ತಿತ್ತು.

"ಥೇಟ್ ನಿಮ್ಮ ಹಾಗೇ," ಎಂದಳು ಹೆಂಡತಿ.

ಎಲ್ಲರ ಮಾತನ್ನೂ ಕೇಳು ಎಂದು ಸರ್ವರಿಗೆ ಅಪ್ಪಣೆ ಕೊಟ್ಟರೆ, ಹೊರಗಿನವರನ್ನು ತಡೆಯುವ ಕಾವಲುಗಾರ ಫೈರ್‌ವಾಲ್ ಅಡ್ಡಗಾಲು ಹಾಕಿತು! ಅದರ ಕೈಕಾಲು ಹಿಡಿದು ದಾರಿ ಬಿಡಿಸುವ ಹೊತ್ತಿಗೆ ಹೆಡ್‌ಮೇಡಂ ಬಂದು, ಹೊಸ ಉಡುಪು ತೊಟ್ಟು, ಹೆಂಡತಿಯ ಪಕ್ಕದಲ್ಲೇ ಕೂತಿದ್ದರು.

"ಬಂತು ರೀ!"

ಯಜಮಾನರು ಕೋಟೆ ಗೆದ್ದವರಂತೆ ಎದೆಯುಬ್ಬಿಸಿ ಹೊರಬಂದರು. ಆಗ ನೆನಪಾಯಿತು! ತಾನೊಬ್ಬನೇ ನೋಡುವ ಪುಟ ತಾನೇ ಎಂದು ಪ್ರತಿ ಗಿರಾಕಿಯ ಅಳತೆಯ ಮುಂದೆ ಹೆಂಡತಿ ಅಳತೆ ತೆಗೆಯುವಾಗ ತಾನು ಕಂಡದ್ದನ್ನು ಷರಾ ಎಂದು ಬರೆದಿದ್ದರು.

ಹೆಡ್‌ಮೇಡಂ ಕನ್ನಡಕ ಸರಿಮಾಡಿಕೊಂಡು ತಮ್ಮ ಹೆಸರಿನ ಮುಂದಿದ್ದುದನ್ನು ಗಟ್ಟಿಯಾಗಿ ಓದಿದರು: "ಸೊಂಟ ನಲವತ್ತು. ಷರಾ: ಟೇಪು ಕಂಡ ಕೂಡಲೇ ಉಸಿರು ಬಿಗಿಹಿಡಿದು ಮೂವತ್ತಾರು ಅಂತಾರೆ. ನಂಬಬಾರದು."

ಹೆಂಡತಿಯ ಕಣ್ಣೆದುರೇ ಒಂದು ಇಡೀ ಶಾಲೆ ಕೈಜಾರುತ್ತಿತ್ತು. "ಮೇಡಂ, ಅದು ನಾನು ಬರ್ದಿದ್ದಲ್ಲ, ಇವರು..."

ಹೆಡ್‌ಮೇಡಂ ಒಮ್ಮೆ ಎದ್ದರು, ಕೂತರು, ದೀರ್ಘವಾಗಿ ಉಸಿರೆಳೆದರು.

"ಎಷ್ಟೋ ವರ್ಷದ ಮೇಲೆ ಕೂತು ಉಸಿರಾಡೋ ಹಾಗೊಂದು ಉಡುಪು! ಸಮವಸ್ತ್ರದ ಕೆಲಸ ನಿಮಗೇ ಕಣಮ್ಮ."

ಗಂಡಹೆಂಡಿರಿಬ್ಬರೂ ಜೀವ ಬಂದವರಂತೆ ನಕ್ಕರು.

"ಆದ್ರೆ ಮಕ್ಕಳ ಅಳತೆ ತಗೊಳ್ಳೋಕೆ ಇವರೇ ಬರ್ಬೇಕು. ಇವರ ಕಣ್ಣು ಬಹಳ ಚುರುಕು."

"ಅದಕ್ಕೇನಂತೆ ಮೇಡಂ! ಎಷ್ಟು ಮಕ್ಕಳು?" ಎಂದು ಯಜಮಾನರು ಮತ್ತೆ ತೋಳೇರಿಸಿದರು.

"ಐನೂರ ಹದಿನಾರು. ಒಂದೂ ಸುಮ್ನೆ ನಿಲ್ಲೋದಿಲ್ಲ."